ಸಕ್ಕರೆ ಮುಟ್ಟದವನು

ನಾರಿನ್ ಊರಲ್ಲಿ ಇವತ್ತು ಮೈನಸ್ ಇಪ್ಪತ್ತಾರು.
ಕಿಟಕಿಯ ಎರಡು ಗಾಜುಗಳ ನಡುವೆ ಹತ್ತಿ ತುರುಕಿದ್ದೇವೆ,
ಆದರೂ ಎಲ್ಲಿಂದಲೋ ಗಾಳಿ ನುಸುಳಿ
ಬುನ್ಸೆನ್ ದೀಪದ ಕಿವಿ ಹಿಂಡುತ್ತದೆ.
ಇಡೀ ಆಸ್ಪತ್ರೆಯಲ್ಲಿ ಬೆಚ್ಚಗಿರುವುದು ಒಂದೇ ಪೆಟ್ಟಿಗೆ,
ಮೂವತ್ತೇಳು ಡಿಗ್ರಿಯದು.
ಅದರೊಳಗೆ ಮನುಷ್ಯರಿಗೆ ಜಾಗವಿಲ್ಲ.

ಐದನೆಯ ದಿನ ಸಾದಿರ್‌ಬೆಕ್‌ನ ರಕ್ತದ ಬಾಟಲಿ ಮಬ್ಬಾಯಿತು.
ಕುರಿ ಕಾಯುವವ. ಬೇಸಿಗೆಯಿಂದ ಜ್ವರ.
ಸಂಜೆ ಮಂದೆಯ ಜೊತೆಗೇ ಇಳಿದು ಬರುತ್ತದಂತೆ,
ಬೆಳಗಿನ ಜಾವ ಬೆವರಾಗಿ ಹೋಗುತ್ತದಂತೆ.
ಚೀಟಿಯಲ್ಲಿ ಯಾರೋ ಬರೆದಿದ್ದಾರೆ: ಶೀತ.
ಅದನ್ನು ಹೊಡೆದು ಹಾಕಿ ಇನ್ನೊಬ್ಬರು: ವಾತ.
ಕೆಳಗೆ ಮೂರನೆಯ ಕೈ, ಬರೀ ಪ್ರಶ್ನಾರ್ಥಕ ಚಿಹ್ನೆ.
ಅಲ್ಲಿಂದ ಮುಂದೆ ನನ್ನ ಕೆಲಸ.

ತಟ್ಟೆಯ ಮೇಲೆ ಮತ್ತೆರಡು ದಿನ. ಬೆಳೆದದ್ದು
ಸಾಸಿವೆಗಿಂತ ಸಣ್ಣ ಇಬ್ಬನಿ.
ಸೂಕ್ಷ್ಮದರ್ಶಕದ ಕೆಳಗೆ ಕೆಂಪು ಮರಳು,
ಗುಂಡೋ ಕಡ್ಡಿಯೋ ಆಣೆ ಮಾಡಿ ಹೇಳಲಾಗದು.
ಮುಖ ನೋಡಿ ಮಣೆ ಹಾಕೋಣವೆಂದರೆ
ಇವಕ್ಕೆ ಮುಖವೇ ಇಲ್ಲ;
ಉಣ್ಣುವುದು ನೋಡಿ ಕುಲ ಹೇಳಬೇಕು.

ಪೆರಾಕ್ಸೈಡಿನ ಹನಿಗೆ ನೊರೆ ಉಕ್ಕಿತು.
ಸರಿ, ಉಸಿರಾಡುವ ಪ್ರಾಣಿ.
ಹಲ್ಲುಕಡ್ಡಿಯಲ್ಲಿ ಎತ್ತಿ ಕಾಗದಕ್ಕೆ ಸವರಿದೆ
(ತಂತಿಯ ಕಬ್ಬಿಣ ತಾಗಿದರೆ ಈ ಕಾಗದ ಸುಳ್ಳು ಹೇಳುತ್ತದೆ).
ಹತ್ತು ಎಣಿಸುವಷ್ಟರಲ್ಲಿ ನೇರಳೆ.
ಆಮೇಲೆ ಸಾಲಾಗಿ ಸಕ್ಕರೆಗಳು:
ದ್ರಾಕ್ಷಿಯದು, ಹಾಲಿನದು, ಬೀಟಿನದು.
ತಿಂದಿದ್ದರೆ ಹುಳಿಯಾಗಬೇಕು, ಕೆಂಪು ಹಳದಿಗೆ ತಿರುಗಬೇಕು.
ಮರುದಿನವೂ ಕೊಳವೆಗಳು ಇಟ್ಟ ಹಾಗೇ ಇದ್ದವು.

ನಮ್ಮ ಮನೆಗಳಲ್ಲಿ ಬಾಗಿಲಿಗೆ ಬಂದವರು
ರೊಟ್ಟಿಯ ಒಂದು ಚೂರಾದರೂ ಮುರಿಯದೆ ಹೋಗುವಂತಿಲ್ಲ.
ಮುರಿಯದವನ ಮೇಲೆ ಒಂದು ಕಣ್ಣಿಡು, ಅನ್ನುತ್ತಿದ್ದಳು ಅಜ್ಜಿ.

ಕೊನೆಗೆ ಯೂರಿಯಾ. ಹಳದಿ ಇಳಿಜಾರಿನ ಮೇಲೆ ಗೀರೆಳೆದು,
ಕೈ ತೊಳೆದು, ಪಕ್ಕದ ಕೋಣೆಯಲ್ಲಿ ಚಹಾ ಬಗ್ಗಿಸಿಕೊಂಡೆ.
ಆರಿತೇ ಎಂದು ಬಟ್ಟಲು ಮುಟ್ಟಿ ನೋಡಿ
ಹಾಗೇ ಬಿಟ್ಟು ಬಂದೆ.
ಕೊಳವೆ ಅಷ್ಟರಲ್ಲೇ ಗುಲಾಬಿ,
ನಾಚಿಕೆಯದಲ್ಲ, ಕೆನ್ನೆಗೆ ಹೊಡೆದ ಗುಲಾಬಿ.
ಬ್ರುಸೆಲ್ಲಾ.

ಕುರಿ ಈಯುವಾಗ ಕೈ ಹಾಕಿದ್ದೆ, ಎಂದ ಸಾದಿರ್‌ಬೆಕ್,
ಯಾರು ಹಾಕುವುದಿಲ್ಲ?
ಆರು ವಾರದ ಮಾತ್ರೆಗಳನ್ನು ಟೋಪಿಯೊಳಗೆ ಸುರಿದುಕೊಂಡು
ಹೆಸರನ್ನು ಎರಡು ಸಲ ಹೇಳಿಸಿಕೊಂಡು ಹೋದ,
ಹೆಂಡತಿಗೆ ಒಪ್ಪಿಸಬೇಕಲ್ಲ.

ನಾನು ಮಾತ್ರ ಮನೆಗೆ ಹೋಗಲಿಲ್ಲ.
ಈ ಮೇಜಿನ ಮೇಲೆ ನನಗಿಂತ ಮೊದಲು
ಬುರುಲ್ಚಾ ಅಕ್ಕನ ಮೊಣಕೈಗಳಿದ್ದವು.
ಮುಚ್ಚಳ ಎತ್ತಿ ಮೂಸಿಯೇ ಹೆಸರು ಹೇಳುತ್ತಿದ್ದಳು:
ಇದು ದ್ರಾಕ್ಷಿ, ಇದು ಒದ್ದೆ ಮಣ್ಣು, ಇದು ಸೀದ ಚಾಕಲೇಟು.
ವಾಸನೆಯೇ ಇಲ್ಲದ ತಟ್ಟೆಯನ್ನು
ಮೂಗಿಗೆ ಇನ್ನೂ ಹತ್ತಿರ ಹಿಡಿಯುತ್ತಿದ್ದಳು.
ಹನ್ನೊಂದು ವರ್ಷದಿಂದ ಅವಳ ಸೊಂಟಕ್ಕೆ
ಒಂಟೆಯ ಉಣ್ಣೆಯ ಪಟ್ಟಿ. ಕೇಳಿದರೆ ಶೀತ ಅನ್ನುತ್ತಾಳೆ,
ಹಳೆಯ ನೆಂಟನ ಸುದ್ದಿ ಹೇಳಿದ ಹಾಗೆ.

ಬಾಗಿಲು ತೆರೆದವಳು ನನ್ನ ಕೈಯ ಬಾಟಲಿಯನ್ನು ನೋಡಿದಳು.
ಏನೂ ಕೇಳದೆ ತೋಳು ಮಡಚಿದಳು.
ಸೂಜಿ ಒಳಗಿರುವಾಗ ಮಾತ್ರ, ಪರೀಕ್ಷಕರ ದನಿಯಲ್ಲಿ:
"ಯೂರಿಯಾ ಎಷ್ಟು ಹೊತ್ತಿಗೆ ತಿರುಗಿತು, ಝಿಪಾರ್?"
"ಚಹಾ ಆರುವ ಮುಂಚೆ."
"ಹಾಂ," ಎಂದಳು. "ಮತ್ತೆ ನೀನು?
ನೀನೂ ನನ್ನ ಹಾಗೆಯೇ ಮೂಸುತ್ತೀಯಾ?"

ದಾರಿಯುದ್ದಕ್ಕೂ ಬಾಟಲಿ ಸ್ವೆಟರಿನೊಳಗೆ,
ಪಕ್ಕೆಲುಬಿಗೆ ಒತ್ತಿಕೊಂಡು. ನದಿ ಹೆಪ್ಪುಗಟ್ಟಿತ್ತು.
ಇಪ್ಪತ್ತೊಂದು ದಿನ ಕಾಯಬೇಕು, ಕೆಲವು ತಡ ಮಾಡುತ್ತವೆ.
ಅವಳ ಪ್ರಶ್ನೆಗೆ ನಾನು ಉತ್ತರ ಹೇಳಿರಲಿಲ್ಲ.
ಲ್ಯಾಬಿಗೆ ಬಂದು, ದೀಪ ಹಾಕಿ,
ಇನ್ನೊಂದು ಬಾಟಲಿಯ ಮೇಲೆ
ನನ್ನ ಹೆಸರು ಬರೆದೆ.